ಕೆಡವಿದ ಕಟ್ಟಡ ಸುಸ್ಥಿತಿಯಲ್ಲಿರತಕ್ಕದ್ದು

ವರ್ತಕರ ಸಂಘದ ಸಮಿತಿಗೆ ಒಂದು ಹೆಮ್ಮೆಯಿತ್ತು. ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಅದು ಒಂದೇ ಒಂದು ನೋಟೀಸನ್ನೂ ಹೊಸದಾಗಿ ಬರೆದಿರಲಿಲ್ಲ. ಯಾವ ಕೆಲಸ ಬಂದರೂ ಬೀರುವಿನಿಂದ ಹಳೆಯ ನೋಟೀಸೊಂದನ್ನು ತೆಗೆದು, ಅದರಲ್ಲಿ ಎರಡು ಪದ ಬದಲಿಸಿ, ಟೈಪಿಸ್ಟಮ್ಮನ ಮೇಜಿನ ಮೇಲೆ ಇಟ್ಟುಬಿಟ್ಟರೆ ಆಯಿತು. ಕಾವಲುಗಾರ ಬೇಕಾದಾಗ ನೀರಿನ ಪಂಪು ಕೊಂಡ ಕಾಲದ ನೋಟೀಸನ್ನೇ ಬಳಸಿದ್ದರು. ಸಂದರ್ಶನಕ್ಕೆ ಬಂದವನನ್ನು ದಿನಕ್ಕೆ ಎಷ್ಟು ಲೀಟರ್ ಎಂದು ಕೇಳಿದರು. ಪಾಪ, ಅವನು ಬೇಸಿಗೆಯಲ್ಲಿ ಮೂರು ಲೀಟರ್ ಕುಡಿಯುತ್ತೇನೆ ಎಂದ. ಕೆಲಸ ಸಿಕ್ಕಿತು.

ಟೈಪಿಸ್ಟಮ್ಮ ಎಂದರೆ ಆ ಸಂಘದ ಕಚೇರಿಯ ಸಮಸ್ತ ಸಿಬ್ಬಂದಿ. ಟೈಪ್‌ರೈಟರ್ ಗುಜರಿಗೆ ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಸಮಿತಿಯವರು ಮಾತಾಡುತ್ತಾರೆ, ಅವಳು ಟೈಪು ಮಾಡುತ್ತಾಳೆ. ನಡುವೆ ತನ್ನ ಬುದ್ಧಿಯನ್ನು ತೂರಿಸುವುದು ಆ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಆ ಪಟ್ಟಿಯನ್ನೂ ಯಾವುದೋ ಯಂತ್ರದ ಕಡತದಿಂದಲೇ ಎತ್ತಿಕೊಂಡಿದ್ದರು.

ಈ ಸಲ ಕೆಡವಬೇಕಾಗಿದ್ದುದು ಸಂಘದ ಹಳೆಯ ಗೋಡೌನು. ಬೀದಿಯಲ್ಲಿ ಮೂರು ಕಟ್ಟಡಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಎಡಗಡೆ ಸಮಿತಿ ಸಭೆ ಸೇರುವ ಹಾಲ್. ನಡುವೆ ಗೋಡೌನು. ಬಲಗಡೆ ಟೈಪಿಸ್ಟಮ್ಮನ ಅಕ್ಕನ ಮನೆ. ಮೂರನ್ನೂ ಒಂದೇ ಕಾಲದಲ್ಲಿ ಕಟ್ಟಿದ್ದರಿಂದ ಎರಡರ ನಡುವೆ ಒಂದೊಂದೇ ಗೋಡೆ. ಗೋಡೌನಿನ ಮರದ ತೊಲೆಗಳ ಒಂದು ತುದಿ ಹಾಲಿನ ಗೋಡೆಯಲ್ಲಿ ಹೂತಿತ್ತು, ಇನ್ನೊಂದು ತುದಿ ಅಕ್ಕನ ಗೋಡೆಯಲ್ಲಿ.

ಅಕ್ಕನ ಮನೆ ಎಂದರೆ ಎರಡು ಕೋಣೆ. ಹಿಂದಿನದರಲ್ಲಿ ಅವಳು ಇರುತ್ತಿದ್ದಳು, ಮುಂದಿನದರಲ್ಲಿ ಆರು ಹೊಲಿಗೆ ಮೆಷಿನ್‌ಗಳಿದ್ದವು. ಹನ್ನೊಂದು ಹೆಂಗಸರು ಸರದಿಯ ಮೇಲೆ ಬಂದು ಹೊಲಿಗೆ ಕಲಿಯುತ್ತಿದ್ದರು. ಅಪ್ಪ ಅಮ್ಮ ಹೋದ ಮೇಲೆ ಆ ಕೋಣೆಯಲ್ಲೇ ಲಂಗ ಕುಪ್ಪಸ ಹೊಲಿದು ಅಕ್ಕ ತಂಗಿಯನ್ನು ಸಾಕಿದ್ದಳು, ಟೈಪಿಂಗ್ ಕಲಿಸಿದ್ದಳು. ಭಾವ ತೀರಿಕೊಂಡ ಮೇಲೂ ಆ ಮೆಷಿನ್‌ಗಳೇ ಅವಳನ್ನು ಕೈಬಿಡದೆ ನಡೆಸಿಕೊಂಡು ಬಂದವು. ಆ ಗೋಡೆ ಹೋದರೆ ಸೂರು ಹೋಗುತ್ತದೆ, ಸೂರು ಹೋದರೆ ಅಕ್ಕನಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ತನ್ನದು ಅಂತ ಒಂದು ಕಿಟಕಿಯೂ ಉಳಿಯುವುದಿಲ್ಲ. ಟೈಪಿಸ್ಟಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಧ್ಯಕ್ಷರು ಪಾತ್ರೆ ಅಂಗಡಿಯವರು. ಕಾರ್ಯದರ್ಶಿಯವರದು ಕನ್ನಡಕದ ಅಂಗಡಿ. ಇಬ್ಬರೂ ಸೇರಿ ಬೀರು ತಡಕಾಡಿ, ಹಾಲ್ ಕಟ್ಟಿಸುವಾಗ ಹೊರಡಿಸಿದ್ದ ನೋಟೀಸನ್ನು ಹೊರತೆಗೆದರು. ‘ಕಟ್ಟುವ’, ‘ಕಟ್ಟಿದ’ ಎಂದಿದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಕೆಡವುವ’, ‘ಕೆಡವಿದ’ ಎಂದು ತಿದ್ದಿದರು. ಟೈಪಿಸ್ಟಮ್ಮ ಟೈಪು ಮಾಡುತ್ತಾ ನಾಲ್ಕನೆಯ ಕಲಮಿಗೆ ಬಂದಾಗ ಅವಳ ಬೆರಳು ನಿಂತಿತು.

"ಸರ್, ಇಲ್ಲಿ ‘ಗುತ್ತಿಗೆದಾರರು ತಾವು ಕೆಡವಿದ ಮೂರು ಕಟ್ಟಡಗಳನ್ನು ಸ್ಥಳದಲ್ಲೇ ತೋರಿಸತಕ್ಕದ್ದು, ಅವು ಸುಸ್ಥಿತಿಯಲ್ಲಿರತಕ್ಕದ್ದು’ ಅಂತಿದೆ."

"ಇರ್ಲಿ."

"ಆಮೇಲೆ ‘ಕೆಡವಿದ ಕಟ್ಟಡಕ್ಕೆ ಹತ್ತು ವರ್ಷದ ಖಾತರಿ’ ಅಂತಿದೆ."

"ಒಳ್ಳೇದೇ ಅಲ್ವಾ," ಎಂದರು ಕಾರ್ಯದರ್ಶಿಗಳು, ಕನ್ನಡಕ ಒರೆಸುತ್ತಾ. "ನೋಡಿ ಟೈಪಿಸ್ಟಮ್ಮ, ಅದು ವಕೀಲರು ನೋಡಿ ಕೊಟ್ಟ ನೋಟೀಸು. ಅದಕ್ಕೆ ಕೈ ಹಚ್ಚೋಕೆ ಹೋಗ್ಬೇಡಿ."

"ಪರವಾನಗಿ ಇದೆಯಾ ಅಂತ ಕೇಳೋದು ಬೇಡ್ವಾ ಸರ್? ಪಕ್ಕದ ಗೋಡೆಗೆ ಏನಾದ್ರೂ ಆದ್ರೆ ಯಾರು ಹೊಣೆ ಅಂತ?"

"ಹಳೇದ್ರಲ್ಲಿ ಆ ಕಲಂ ಇಲ್ಲ," ಎಂದರು ಅಧ್ಯಕ್ಷರು. ಅಲ್ಲಿಗೆ ಮುಗಿಯಿತು.

ಇಬ್ಬರು ಗುತ್ತಿಗೆದಾರರು ಬಂದರು. ಮೊದಲು ಬಂದವನು ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಮಾತು ನಿಧಾನ, ನಡಿಗೆ ನಿಧಾನ, ಕೊಟ್ಟ ಟೀ ಕುಡಿಯುವುದೂ ನಿಧಾನ. ಟೈಪಿಸ್ಟಮ್ಮ ಮನಸ್ಸಿನಲ್ಲೇ ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಳು. ಅವನು ಹಾಲಿಗೆ ಬರುವ ಮೊದಲೇ ಅಕ್ಕನ ಮನೆಗೆ ಹೋಗಿದ್ದನಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಹೇಳಿದಳು.

"ಒಂದು ಗಳಿಗೆ ಮೆಷಿನ್ ನಿಲ್ಲಿಸಿ ತಾಯಿ ಅಂದ. ಗೋಡೆಗೆ ಅಂಗೈ ಇಟ್ಕೊಂಡು ಸುಮ್ನೆ ನಿಂತ ಕಣೇ, ಜ್ವರ ನೋಡೋ ಹಾಗೆ. ಆಮೇಲೆ ಬೆರಳ ಗಂಟಿಂದ ಉದ್ದಕ್ಕೂ ಬಡೀತಾ ಹೋದ. ಎಲ್ಲಿ ತೊಲೆ ಹೂತಿದೆ ಅಂತ ನನ್ನ ಬಳಪದಲ್ಲೇ ಗುರುತು ಹಾಕ್ದ. ಇಷ್ಟು ವರ್ಷ ಇಲ್ಲೇ ಬಿದ್ದಿದ್ದೀನಿ, ನಂಗೇ ಗೊತ್ತಿರಲಿಲ್ಲ."

ಸಮಿತಿಯ ಮುಂದೆ ಅವನು ಒಂದು ಕಟ್ಟು ಕಾಗದ ಇಟ್ಟ. ಪರವಾನಗಿ, ಕೆಲಸದಾಳುಗಳ ವಿಮೆ, ಹಿಂದೆ ಕೆಡವಿದ ಕಟ್ಟಡಗಳ ಅಕ್ಕಪಕ್ಕದವರು ನಮಗೇನೂ ತೊಂದರೆಯಾಗಲಿಲ್ಲ ಎಂದು ಬರೆದುಕೊಟ್ಟ ಪತ್ರಗಳು. ತೊಲೆಗಳನ್ನು ಗೋಡೆಯಿಂದ ಎರಡಡಿ ದೂರದಲ್ಲಿ ಕೈಯಿಂದ ಕುಯ್ಯಬೇಕು, ಆಸರೆ ಕೊಟ್ಟು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಬಿಚ್ಚಬೇಕು, ಏಳು ವಾರ ಬೇಕು ಎಂದ. ಸಮಿತಿ ಕಾಗದದ ಕಟ್ಟನ್ನು ಹಾಗೇ ಹಿಂದಕ್ಕೆ ತಳ್ಳಿತು. ನೋಟೀಸಿನಲ್ಲಿ ಕೇಳದಿದ್ದುದನ್ನು ಕೊಡುವುದು ಅಧಿಕಪ್ರಸಂಗ.

"ಹತ್ತು ವರ್ಷದ ಖಾತರಿ ಕೊಡ್ತೀರಾ?" ಎಂದು ಕಾರ್ಯದರ್ಶಿಗಳು ಕೇಳಿದರು.

ನಿಧಾನಪ್ಪ ಟೀ ಲೋಟ ಕೆಳಗಿಟ್ಟ. "ಏನು ಖಾತರಿ ಸರ್? ಮತ್ತೆ ಎದ್ದು ನಿಲ್ಲಲ್ಲ ಅಂತಲಾ?"

ಅವನು ನಿಜವಾಗಿಯೂ ತಿಳಿಯದೆ ಕೇಳಿದ್ದ. ಅಧ್ಯಕ್ಷರ ಮುಖ ಅವರ ಅಂಗಡಿಯ ತಾಮ್ರದ ಬಿಂದಿಗೆಯ ಬಣ್ಣಕ್ಕೆ ತಿರುಗಿತು.

ಎರಡನೆಯವನು ಬರುವುದು ಬೀದಿಯ ಆ ತುದಿಯಿಂದಲೇ ಕೇಳಿಸಿತು. ಅವನ ಮೋಟಾರು ಬೈಕಿಗೂ ಗಂಟಲಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಟೈಪಿಸ್ಟಮ್ಮ ಇವನಿಗೆ ಗುಡುಗು ಎಂದು ಹೆಸರಿಟ್ಟಳು. ಅವನು ಗೋಡೌನಿನ ಒಳಗೆ ಕಾಲಿಡಲಿಲ್ಲ, ಬೈಕಿನ ಮೇಲೆ ಕೂತೇ ಒಂದು ಸಲ ಕತ್ತು ತಿರುಗಿಸಿ ನೋಡಿದ. ಒಳಗೆ ಬಂದು ಬಣ್ಣಬಣ್ಣದ ಆಲ್ಬಂ ಬಿಚ್ಚಿದ.

"ಒಂದೇ ವಾರ ಸರ್. ಮೆಷಿನ್ ತಂದು ಎಳೆದುಬಿಟ್ರೆ ಮುಗೀತು. ಖಾತರಿ ಹತ್ತಲ್ಲ, ಹದಿನೈದು ವರ್ಷ ಕೊಡ್ತೀನಿ."

"ಪರವಾನಗಿ?" ಎಂದಳು ಟೈಪಿಸ್ಟಮ್ಮ ಮೂಲೆಯಿಂದ, ತಡೆಯಲಾರದೆ.

"ಬರ್ತಾ ಇದೆ ಮೇಡಂ, ದಾರೀಲಿದೆ."

ಸಮಿತಿಗೆ ಇಷ್ಟು ಸಾಕಾಗಿತ್ತು. ಆದರೂ ನ್ಯಾಯ ಎಂದರೆ ನ್ಯಾಯ. ನಾಲ್ಕನೆಯ ಕಲಮಿನಂತೆ ಸ್ಥಳ ಪರಿಶೀಲನೆ ಆಗಲೇಬೇಕು ಎಂದು ಅಧ್ಯಕ್ಷರು ಕಟ್ಟುನಿಟ್ಟಾಗಿ ಹೇಳಿದರು. ಮಾರನೆಯ ದಿನ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಬರೆದುಕೊಳ್ಳಲು ಟೈಪಿಸ್ಟಮ್ಮ ಕಾರಿನಲ್ಲಿ ಹೊರಟರು.

ನಿಧಾನಪ್ಪ ತೋರಿಸಿದ ಮೊದಲ ಜಾಗ ಎರಡು ಮನೆಗಳ ನಡುವೆ ಹಲ್ಲು ಕಿತ್ತ ಹಾಗೆ ಖಾಲಿಯಾಗಿತ್ತು. ನೆಲ ಸಮತಟ್ಟು, ಒಂದು ಇಟ್ಟಿಗೆ ಚೂರೂ ಇಲ್ಲ. ಎರಡೂ ಬದಿಯ ಮನೆಗಳ ಗೋಡೆ ನೆಟ್ಟಗೆ ನಿಂತಿತ್ತು. ಒಂದು ಗೋಡೆಯ ಮೇಲೆ ಹೋದ ಮನೆಯ ನೀಲಿ ಸುಣ್ಣ ಇನ್ನೂ ಉಳಿದಿತ್ತು, ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಟೈಪಿಸ್ಟಮ್ಮ ಆ ನೀಲಿಯನ್ನು ನೋಡುತ್ತಾ ನಿಂತಳು.

"ಕಟ್ಟಡ ಎಲ್ರೀ?" ಎಂದರು ಅಧ್ಯಕ್ಷರು.

"ಕೆಡವಿದ್ದೀನಿ ಸರ್."

"ಅದು ಗೊತ್ತು. ಕೆಡವಿದ ಕಟ್ಟಡ ಎಲ್ಲಿ?"

ನಿಧಾನಪ್ಪ ಖಾಲಿ ನೆಲವನ್ನು ನೋಡಿದ, ಅಧ್ಯಕ್ಷರನ್ನು ನೋಡಿದ, ಆಮೇಲೆ ಏನಾದರೂ ಸುಳಿವು ಸಿಗಬಹುದೇ ಎಂದು ಟೈಪಿಸ್ಟಮ್ಮನನ್ನು ನೋಡಿದ. "ಇದೇ ಸರ್," ಎಂದ.

ಎರಡನೆಯ ಜಾಗದಲ್ಲಿ ಕಾರುಗಳು ನಿಂತಿದ್ದವು. ಮೂರನೆಯದರಲ್ಲಿ ಯಾರೋ ಬದನೆ ಗಿಡ ಹಾಕಿದ್ದರು. ಕಾರ್ಯದರ್ಶಿಗಳು ಎರಡು ಕನ್ನಡಕ ಬದಲಿಸಿ ನೋಡಿದರೂ ಕಟ್ಟಡದ ಕುರುಹು ಕಾಣಲಿಲ್ಲ. ‘ಪರಿಶೀಲನೆಗೆ ಏನೂ ಲಭ್ಯವಾಗಲಿಲ್ಲ’ ಎಂದು ಬರೆದುಕೊಳ್ಳಲು ಹೇಳಿದರು. ನೂರಕ್ಕೆ ಸೊನ್ನೆ.

ಗುಡುಗಿನ ಮೊದಲ ಜಾಗದಲ್ಲೇ ಕಣ್ಣಿಗೆ ಹಬ್ಬ, ಇನ್ನೆರಡನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಅರ್ಧ ಮಹಡಿ ಕುಸಿದಿತ್ತು, ಅರ್ಧ ನಿಂತಿತ್ತು. ಕಂಬಿಗಳು ಜೋತುಬಿದ್ದಿದ್ದವು. ಮೆಟ್ಟಿಲುಗಳು ಎಂಟು ಮೇಲೇರಿ ಆಕಾಶದಲ್ಲಿ ಮುಗಿದಿದ್ದವು. ಪಕ್ಕದ ಮನೆಗೆ ನಾಲ್ಕು ಕಂಬ ಊರಿ ಆಸರೆ ಕೊಟ್ಟಿದ್ದರು.

"ಇದು ನೋಡಿ," ಎಂದರು ಅಧ್ಯಕ್ಷರು, ಕೈ ಹಿಂದಕ್ಕೆ ಕಟ್ಟಿಕೊಂಡು. "ಕೆಲಸ ಅಂದ್ರೆ ಕಣ್ಣಿಗೆ ಕಾಣ್ಬೇಕು."

"ಸುಸ್ಥಿತಿ ಅಂತ ಬರೀಬಹುದಾ?" ಎಂದು ಕಾರ್ಯದರ್ಶಿಗಳು ಸಂದೇಹಪಟ್ಟರು.

"ಅರ್ಧಕ್ಕಿಂತ ಜಾಸ್ತಿ ನಿಂತಿದೆಯಲ್ರೀ. ಇನ್ನೇನು ಬೇಕು ಸುಸ್ಥಿತಿ?"

ಅವರು ಮುಂದೆ ಹೋದಾಗ ಟೈಪಿಸ್ಟಮ್ಮ ಹಿಂದೆ ಉಳಿದಳು. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು ನಿಂತಿದ್ದಳು. "ನೀವು ಸರ್ಕಾರದವರಾ?" ಎಂದು ಕೇಳಿದಳು. ಅಲ್ಲವೆಂದರೂ ಒಳಗೆ ಕರೆದು ತೋರಿಸಿದಳು. ಅಡುಗೆಮನೆಯ ಒಂದು ಗೋಡೆಯೇ ಇರಲಿಲ್ಲ. ಅದರ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು, ಗಾಳಿಗೆ ಅದು ಉಬ್ಬಿ ಪಾತ್ರೆಗಳಿಗೆ ಬಡಿಯುತ್ತಿತ್ತು. ಒಂಬತ್ತು ತಿಂಗಳಾಯಿತಂತೆ. ಆ ಹಾಳೆಯ ಮುಂದೆ ಟೈಪಿಸ್ಟಮ್ಮನಿಗೆ ಅಕ್ಕನ ಆರು ಮೆಷಿನ್‌ಗಳು ಸಾಲಾಗಿ ನಿಂತ ಹಾಗೆ ಕಂಡವು. ಕಾರಿನಲ್ಲಿ ಅದನ್ನು ಹೇಳಿದಳು ಕೂಡ. ಅಧ್ಯಕ್ಷರು ಕಿಟಕಿಯಾಚೆ ನೋಡುತ್ತಾ, ಅವರಿಗೆ ಸ್ವಲ್ಪ ಧೂಳಿನ ತೊಂದರೆ ಅಂತ ಅವನೇ ಹೇಳಿದನಲ್ಲ ಎಂದರು.

ಸಂಜೆ ಅಕ್ಕನ ಮನೆಗೆ ಓಡಿದಳು. "ಅಕ್ಕ, ಪಕ್ಕದವರ ಒಪ್ಪಿಗೆ ಪತ್ರ ಅಂತ ಏನಾದ್ರೂ ತಂದ್ರೆ ರುಜು ಹಾಕ್ಬೇಡ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಬೆಳಿಗ್ಗೇನೇ ಹಾಕಿದ್ನಲ್ಲೇ ಪುಟ್ಟಿ. ಅಧ್ಯಕ್ಷರೇ ಬಂದಿದ್ರು. ಮನೇವರೆಗೆ ಬಂದವರಿಗೆ ಇಲ್ಲ ಅನ್ನೋಕಾಗುತ್ತಾ? ನೀನಿರೋ ಸಂಘ ಅಲ್ವಾ ಅಂತ ಹಾಕ್ದೆ."

ಟೈಪಿಸ್ಟಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡಳು. ಐವತ್ತೊಂದನೆಯ ವಯಸ್ಸಿನಲ್ಲೂ ತನ್ನನ್ನು ಪುಟ್ಟಿ ಎನ್ನುವವಳು ಇವಳೊಬ್ಬಳೇ, ಇವಳ ತಲೆಯ ಮೇಲಿನ ಸೂರನ್ನು ತೆಗೆಯುವ ಕಾಗದವನ್ನು ಟೈಪು ಮಾಡಬೇಕಾದವಳು ತಾನು.

ಮರುದಿನ ಅವಳು ನಿಧಾನಪ್ಪನನ್ನು ಹುಡುಕಿಕೊಂಡು ಹೋದಳು. ಅವನು ಇನ್ನೊಂದು ಕಡೆ ಹಳೆಯ ಬಾಗಿಲ ಚೌಕಟ್ಟೊಂದನ್ನು ಬಿಚ್ಚುತ್ತಿದ್ದ.

"ಕೆಲಸ ಆ ಇನ್ನೊಬ್ಬರಿಗೆ ಹೋಯ್ತು. ಅವರು ಮೆಷಿನ್ ಹಚ್ಚಿ ಎಳೆದ್ರೆ ಏನಾಗುತ್ತೆ?"

ನಿಧಾನಪ್ಪ ಸುತ್ತಿಗೆ ಕೆಳಗಿಟ್ಟ. "ಗೋಡೌನಿನ ನಡುವೆ ಒಂದು ಸಾಲು ಕಂಬ ಇದೆಯಲ್ಲ, ತೊಲೆಗಳು ಅಲ್ಲಿ ಎರಡು ತುಂಡು. ಅವನು ಯಾವ ಕಡೆಯಿಂದ ಶುರು ಮಾಡ್ತಾನೋ ಆ ಕಡೆಯ ಗೋಡೆ ತೊಲೆ ಜೊತೆಗೇ ಬರುತ್ತೆ. ಇನ್ನೊಂದು ಕಡೆಯದು ಕಂಬದ ಮೇಲೆ ನಿಂತಿರುತ್ತೆ."

"ಖಂಡಿತವಾಗ್ಲೂ?"

"ನಲವತ್ತು ವರ್ಷ ಇದನ್ನೇ ಮಾಡಿದ್ದೀನಿ ತಾಯಿ. ಅವರಿಗೆ ನೀವು ಹೇಳ್ಲಿಲ್ವಾ?"

"ಮೂರು ಸಲ."

ನಿಧಾನಪ್ಪ ಕಿತ್ತಿದ್ದ ಮೊಳೆಗಳನ್ನು ಒಂದು ಕಡೆ ಗುಡ್ಡೆ ಮಾಡಿದ. "ಎಲ್ಲಿಂದಲಾದ್ರೂ ಶುರು ಮಾಡ್ಲಿ, ಅವತ್ತು ಎರಡು ಕಡೆಯೂ ಒಳಗೆ ಒಂದು ನರಪಿಳ್ಳೆ ಇರಬಾರದು. ಇಪ್ಪತ್ತೈದು ಅಡಿ ದೂರ. ಅಷ್ಟು ಮಾತ್ರ ನೋಡ್ಕೊಳ್ಳಿ."

ಆ ರಾತ್ರಿ ಅವಳು ನಿದ್ದೆ ಮಾಡಿದಳೋ ಇಲ್ಲವೋ, ಮಾರನೆಯ ಬೆಳಗಿನ ಸಭೆಯಲ್ಲಿ ಮಾತ್ರ ಕಾರ್ಯಾದೇಶ ಹೇಳಿ ಬರೆಸುತ್ತಿದ್ದ ಅಧ್ಯಕ್ಷರನ್ನು ವಿನಯದಿಂದ ತಡೆದಳು.

"ಸರ್, ಒಂದು ಮಾತು. ಗೋಡೆಗಳಿಗೆ ಅಪಾಯ ಅಂತ ಆ ವಯಸ್ಸಾದ ಗುತ್ತಿಗೆದಾರರು ಹೇಳ್ತಾರೆ. ಯಾವ ಕಡೆಯಿಂದ ಶುರು ಮಾಡ್ತಾರೋ ಆ ಕಡೆಯ ಗೋಡೆ ಉಳಿಯಲ್ವಂತೆ."

"ಕೆಲಸ ಸಿಗದವರು ಇನ್ನೇನು ಹೇಳ್ತಾರೆ," ಎಂದರು ಅಧ್ಯಕ್ಷರು.

"ಹಾಗಾದ್ರೆ ನಮ್ಮ ಹಾಲಿನ ಕಡೆಯಿಂದಲೇ ಶುರು ಮಾಡಿಸೋಣ ಸರ್. ತಾವೆಲ್ಲ ಹಾಲಿನ ಮುಂದಿನ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಎದುರಿಗೇ ನೋಡ್ಬಹುದು. ಫೋಟೋನೂ ಚೆನ್ನಾಗಿ ಬರುತ್ತೆ."

ಅಪಾಯದ ಮಾತು ಗಾಳಿಗೆ ಹೋಯಿತು, ಫೋಟೋದ ಮಾತು ನೇರ ಎದೆಗೆ ಇಳಿಯಿತು. ಟೈಪಿಸ್ಟಮ್ಮನಿಗೂ ಸ್ವಲ್ಪ ಬುದ್ಧಿ ಬರುತ್ತಿದೆ ಎಂದು ಕಾರ್ಯದರ್ಶಿಗಳು ಮೆಚ್ಚಿಕೊಂಡರು. ಆದೇಶದಲ್ಲಿ ‘ಸಂಘದ ಹಾಲಿನ ಕಡೆಯಿಂದ ಆರಂಭಿಸತಕ್ಕದ್ದು’ ಎಂಬ ಸಾಲು ಸೇರಿತು. ಅದನ್ನು ಅವಳೇ ಟೈಪು ಮಾಡಿದಳು. ಇವರು ಹೇಗೂ ಒಂದು ಗೋಡೆಯನ್ನು ಬೀಳಿಸಿಯೇ ತೀರುತ್ತಾರೆ, ಬೀಳುವುದಾದರೆ ಬೀಳಿಸಿದವರದೇ ಬೀಳಲಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಕೆಡವುವ ದಿನ ಅವಳು ಅಕ್ಕನನ್ನೂ ಹೊಲಿಗೆಯ ಹೆಂಗಸರನ್ನೂ ಬೀದಿಯಾಚೆ ಕಳಿಸಿದಳು. ಅಂಗಳದ ತುದಿಯಲ್ಲಿ, ಹೆಜ್ಜೆ ಎಣಿಸಿ, ಕುರ್ಚಿಗಳನ್ನು ಹಾಕಿಸಿದಳು. ಹಾಲಿನ ಒಳಗೆ ಎರಡು ಸಲ ಹೋಗಿ ಮೂಲೆ ಮೂಲೆ ನೋಡಿ, ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಅಧ್ಯಕ್ಷರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

ಗುಡುಗಿನ ಯಂತ್ರ ಮೊದಲ ತೊಲೆಯನ್ನು ಹಿಡಿದು ಎಳೆಯಿತು. ತೊಲೆ ಬರಲಿಲ್ಲ. ಗುಡುಗು ಇನ್ನೂ ಎಳೆ ಎಂದು ಕೈ ಬೀಸಿದ. ಯಂತ್ರ ಮತ್ತೊಮ್ಮೆ ಎಳೆಯಿತು. ತೊಲೆ ಬಂತು, ಅದರ ಜೊತೆಗೆ ಹಾಲಿನ ಗೋಡೆಯೂ ಬಂತು, ಗೋಡೆಯ ಮೇಲಿದ್ದ ಮಾಜಿ ಅಧ್ಯಕ್ಷರ ಒಂಬತ್ತು ಭಾವಚಿತ್ರಗಳೂ ಬಂದವು. ಸೂರಿನ ಕಾಲುಭಾಗ ಅವುಗಳ ಮೇಲೆ ಕೂತಿತು. ಧೂಳು ಎದ್ದು ಅಂಗಳವನ್ನೆಲ್ಲ ಮುಚ್ಚಿತು. ಅದು ಇಳಿದಾಗ ಸಮಿತಿಯ ಮೇಜು ಕುರ್ಚಿಗಳು ಬಯಲಿಗೆ ಮುಖಮಾಡಿ ಕೂತಿದ್ದವು, ಬೀರುವಿನ ಬಾಗಿಲು ತೆರೆದುಕೊಂಡು ಹಳೆಯ ನೋಟೀಸುಗಳು ಗಾಳಿಗೆ ಹಾರುತ್ತಿದ್ದವು.

ಫೋಟೋ ತೆಗೆಯುವವನು ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ.

"ಆದೇಶದಲ್ಲಿ ಆ ಕಡೆಯಿಂದಲೇ ಅಂತ ಇತ್ತಲ್ಲ ಸರ್," ಎಂದು ಗುಡುಗು ಮೊದಲ ಸಲ ಮೆಲ್ಲಗೆ ಮಾತಾಡಿದ. ಸಂಜೆಯೊಳಗೆ ಅವನೂ ಅವನ ಯಂತ್ರವೂ ನಾಪತ್ತೆ. ಪರವಾನಗಿಯನ್ನು ದಾರಿಯಲ್ಲಿ ಎದುರುಗೊಳ್ಳಲು ಹೋದನೇನೋ.

ಟೈಪಿಸ್ಟಮ್ಮ ಗೋಡೌನಿನ ಆ ಬದಿಗೆ ನೋಡಿದಳು. ನಡುವಿನ ಕಂಬಗಳು ನಿಂತಿದ್ದವು. ಅವುಗಳಾಚೆ ಅಕ್ಕನ ಗೋಡೆ ನಿಂತಿತ್ತು. ಅವಳು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟಳು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅಧ್ಯಕ್ಷರು ಇರಲಿಲ್ಲ.

ಮೂರನೆಯ ದಿನ ನಿಧಾನಪ್ಪನಿಗೆ ಪತ್ರ ಹೋಯಿತು. ಅವನು ಬಂದ, ಅದೇ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟ. ಈ ಸಲ ಅದನ್ನು ಯಾರೂ ತಳ್ಳಲಿಲ್ಲ, ಓದಲೂ ಇಲ್ಲ. ಏಳು ವಾರ ಅವನ ಆಳುಗಳು ಬಂದರು. ಮೊದಲು ಆಸರೆ ನಿಲ್ಲಿಸಿದರು, ಅಕ್ಕನ ಬಳಪದ ಗುರುತುಗಳನ್ನು ಅಳೆದು ತೊಲೆಗಳನ್ನು ಗರಗಸದಿಂದ ಕುಯ್ದರು. ಅಕ್ಕನ ತರಗತಿ ಒಂದು ದಿನವೂ ನಿಲ್ಲದಂತೆ, ಜೋರು ಬಡಿತದ ಕೆಲಸವನ್ನೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಂಡರು. ಧೂಳೇಳದಂತೆ ನೀರು ಚಿಮುಕಿಸಿದರು. ಬೀದಿಯಲ್ಲಿ ನಿಂತು ನೋಡಲು ಏನೂ ಇರಲಿಲ್ಲ, ಆದ್ದರಿಂದ ಸಮಿತಿಯವರು ಯಾರೂ ಬರಲಿಲ್ಲ.

ಕೊನೆಯ ದಿನ ಬಂದರು. ಕೆಲಸ ಮುಗಿದ ಪ್ರಮಾಣಪತ್ರಕ್ಕೆ ರುಜು ಬೇಕಾಗಿತ್ತು. ಗಾಳಿಗೆ ಹಾರಿದ್ದ ಕಾಗದಗಳಲ್ಲಿ ಹಾಲ್ ಕಟ್ಟಿ ಮುಗಿಸಿದಾಗಿನ ಪ್ರಮಾಣಪತ್ರ ಹೇಗೋ ಉಳಿದಿತ್ತು. ಅದನ್ನೇ ತಿದ್ದಿದ್ದರು. ಅಧ್ಯಕ್ಷರು ಖಾಲಿ ನೆಲದ ನಡುವೆ ನಿಂತು ಸುತ್ತ ನೋಡಿದರು.

"‘ಕಂಡುಬಂದ ಕೆಲಸದ ವಿವರ’ ಅಂತ ಒಂದು ಕಲಂ ಇದೆ," ಎಂದರು. "ಏನು ಬರೆಯೋದ್ರೀ? ಏನೂ ಕಾಣ್ತಾ ಇಲ್ವಲ್ಲ. ಏಳು ವಾರ ಏನು ಮಾಡಿದ್ರು ಇವರು?"

ನಿಧಾನಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ವಾದ ಮಾಡುವುದು ಅವನ ಕಸುಬಲ್ಲ.

"ಒಂದು ನಿಮಿಷ ಬನ್ನಿ ಸರ್," ಎಂದಳು ಟೈಪಿಸ್ಟಮ್ಮ.

ಅಧ್ಯಕ್ಷರನ್ನು ಅವಳು ಅಕ್ಕನ ಮುಂದಿನ ಕೋಣೆಗೆ ಕರೆದುಕೊಂಡು ಹೋದಳು. ಆರು ಮೆಷಿನ್‌ಗಳು ನಡೆಯುತ್ತಿದ್ದವು. ಅಕ್ಕನಿಗೆ ಹೇಳಿ ಅವನ್ನು ನಿಲ್ಲಿಸಿದಳು. ಗೋಡೆಯ ಮೇಲೆ ದಾರದ ಉಂಡೆಗಳ ಹಲಗೆ ಎಂದಿನ ಹಾಗೇ ಇತ್ತು, ಬಳಪದ ಗುರುತುಗಳು ಅದರ ಮೇಲ್ಗಡೆ.

"ಇಲ್ಲಿ ಅಂಗೈ ಇಡಿ ಸರ್."

ಹೊಲಿಗೆಯ ಹೆಂಗಸರೆಲ್ಲ ನೋಡುತ್ತಿದ್ದರು. ಅಧ್ಯಕ್ಷರು ಕೈ ಇಟ್ಟರು. ಸ್ವಲ್ಪ ಹೊತ್ತು ಕಾದು, ಏನೂ ಆಗದಿದ್ದುದನ್ನು ಕಂಡು, "ಈ ಗೋಡೆ ಮೊದಲೂ ಇತ್ತಲ್ಲಮ್ಮ," ಎಂದರು.

"ಹೌದು ಸರ್. ಈಗ್ಲೂ ಇದೆ."

ಅಧ್ಯಕ್ಷರು ಅವಳ ಮುಖ ನೋಡಿದರು, ಬಾಗಿಲಾಚೆ ಖಾಲಿ ನೆಲದ ಆ ತುದಿಯಲ್ಲಿ ಗೋಡೆಯಿಲ್ಲದೆ ನಿಂತಿದ್ದ ತಮ್ಮ ಹಾಲನ್ನು ನೋಡಿದರು. ಕೈಯನ್ನು ಗೋಡೆಯಿಂದ ತೆಗೆಯಲು ಸ್ವಲ್ಪ ಹೊತ್ತು ಮರೆತರು. ಆಮೇಲೆ ಪೆನ್ನು ತೆಗೆದು, ಕಲಂ ಖಾಲಿ ಇರುವಾಗಲೇ ಕಾಗದದ ಕೆಳಗೆ ರುಜು ಹಾಕಿ ಅವಳ ಕೈಗೆ ಕೊಟ್ಟು ಹೊರಟುಹೋದರು.

"ಏನಂತೆ ಪುಟ್ಟಿ?" ಎಂದಳು ಅಕ್ಕ.

"ಏನಿಲ್ಲ, ನೀನು ಹೊಲಿ," ಎಂದು ಅವಳು ಅಕ್ಕನ ಕತ್ತರಿ, ಅಳತೆಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರವಿಕೊಂಡಳು. ಕಂಡುಬಂದ ಕೆಲಸದ ವಿವರ ಎಂದಿದ್ದ ಕಡೆ, ಯಾವ ಹಳೆಯ ಕಡತವನ್ನೂ ನೋಡದೆ, ‘ಪಕ್ಕದ ಮನೆ’ ಎಂದು ಬರೆದಳು.